ಮುಡಿಪು ಕಟ್ಟಿದ ಪೆನ್‌ಡ್ರೈವ್

ನೂರ ಹನ್ನೆರಡನೆಯ ಪುಟದಲ್ಲಿ ಶಿವನಂಜಯ್ಯನವರ ಮೂಗು ಕಾಲುಭಾಗ ಕತ್ತರಿಸಿ ಹೋಗಿತ್ತು. ಕುಸುಮ ಮೌಸ್ ಹಿಡಿದು ಫೋಟೋದ ಚೌಕಟ್ಟನ್ನು ಕೂದಲೆಳೆಯಷ್ಟು ಬಲಕ್ಕೆ ಎಳೆದಳು. ಮೂಗು ಬಂತು, ಕೊರಳ ಹಾರ ಹೋಯಿತು. ಎಡಕ್ಕೆ ಎಳೆದಳು. ಹಾರ ಬಂತು, ಮೂಗು ಹೋಯಿತು. ಅಭಿನಂದನ ಗ್ರಂಥಗಳಲ್ಲಿ ಮೂಗಿಗಿಂತ ಹಾರ ಮುಖ್ಯವೆಂದು ತಿಳಿದವರು ಹೇಳುತ್ತಾರೆ. ಆದರೂ ಕುಸುಮಳಿಗೆ ಮನಸ್ಸಾಗಲಿಲ್ಲ. ಫೋಟೋವನ್ನೇ ಒಂದಿಷ್ಟು ಚಿಕ್ಕದು ಮಾಡಿ ಎರಡನ್ನೂ ಉಳಿಸಿದಳು.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಟೈಲರ್ ರತ್ನಳ ಅಂಗಡಿಗೆ ಒತ್ತಿಕೊಂಡಂತೆ ಇರುವುದು 'ನಟರಾಜು ಡಿಟಿಪಿ ಅಂಡ್ ಜೆರಾಕ್ಸ್'. ಬೋರ್ಡಿನ ಮೇಲೆ ಹೆಸರಿರುವ ನಟರಾಜು ಕುಸುಮಳ ಗಂಡ. ಈತನಿಗೆ ಕೀಬೋರ್ಡಿನಲ್ಲಿ 'ಕ' ಎಲ್ಲಿದೆ ಎಂಬುದು ಗೊತ್ತು. ಅದಕ್ಕೆ ಕೊಂಬು ಕೊಡುವುದು ಹೇಗೆಂದು ಗೊತ್ತಿಲ್ಲ. ಮದುವೆ ಪತ್ರಿಕೆ, ತಿಥಿ ಕಾರ್ಡು, ಕರಪತ್ರ, ಪುಸ್ತಕ ಎಲ್ಲವನ್ನೂ ಟೈಪು ಮಾಡಿ ಪುಟ ಕಟ್ಟುವವಳು ಕುಸುಮ. ಎದುರಿನ ಕುರ್ಚಿಯಲ್ಲಿ ಕುಳಿತು ಬಂದವರಿಗೆ ಟೀ ತರಿಸಿ, "ನಾನೇ ಕೂತು ಮಾಡ್ಸಿದ್ದೀನಿ" ಎನ್ನುವವನು ನಟರಾಜು. ಇದು ಬಹಳ ವರ್ಷಗಳಿಂದ ನಡೆದುಬಂದ ವ್ಯವಸ್ಥೆ. ಜಗತ್ತಿನ ಅನೇಕ ವ್ಯವಸ್ಥೆಗಳು ಹೀಗೆಯೇ ನಡೆಯುತ್ತಿರುವುದರಿಂದ ಯಾರಿಗೂ ವಿಚಿತ್ರವೆನಿಸಿರಲಿಲ್ಲ.

ಈಗ ಕೈಯಲ್ಲಿದ್ದದ್ದು ಅಂಗಡಿ ಕಂಡ ಅತಿ ದೊಡ್ಡ ಕೆಲಸ. ಯಳಂದೂರಿನ ಕಡೆಯ ಹಾಲಿನ ಸೊಸೈಟಿಯೊಂದಕ್ಕೆ ಅರ್ಧ ಆಯುಷ್ಯ ಅಧ್ಯಕ್ಷರಾಗಿದ್ದ ಶಿವನಂಜಯ್ಯನವರಿಗೆ ಎಪ್ಪತ್ತೈದು ತುಂಬಿ, ಅವರ ಅಭಿಮಾನಿಗಳು ಅಭಿನಂದನ ಗ್ರಂಥ ತರಲು ನಿಶ್ಚಯಿಸಿದ್ದರು. ಸಮಿತಿಗೆ ನಿವೃತ್ತ ಹೆಡ್‌ಮೇಷ್ಟ್ರು ಗುರುಸಿದ್ದಯ್ಯನವರೇ ಅಧ್ಯಕ್ಷರು, ಅವರೇ ಪ್ರಧಾನ ಸಂಪಾದಕರು. ಸಮಾರಂಭ ಮುಂದಿನ ವಾರ ಬಿಟ್ಟು ಅದರಾಚೆಯ ಭಾನುವಾರ. ಶುಕ್ರವಾರ ಮೈಸೂರಿನ ಪ್ರೆಸ್ಸಿಗೆ ಹೋಗಬೇಕು.

ಮಂಗಳವಾರ ಸಂಜೆ ಕುಸುಮ ಪುಸ್ತಕದ ಎರಡನೆಯ ಪುಟಕ್ಕೆ ಬಂದಳು. ಪ್ರಕಾಶಕರು, ಸಂಪಾದಕರು, ಮುದ್ರಣ ಇತ್ಯಾದಿ ವಿವರ ಬರುವ ಪುಟ. ಕೊನೆಯಲ್ಲಿ 'ಪುಟ ವಿನ್ಯಾಸ: ನಟರಾಜು' ಎಂದಿತ್ತು. ಅವಳೇ ಟೈಪು ಮಾಡಿದ್ದು.

"ರೀ, ಇದ್ರ ಕೆಳಗೆ 'ಅಕ್ಷರ ಜೋಡಣೆ: ಕುಸುಮ' ಅಂತ ಒಂದು ಸಾಲು ಹಾಕ್ಲಾ?"

ನಟರಾಜು ಕಣ್ಣು ಕಿರಿದು ಮಾಡಿ ಪರದೆ ನೋಡಿದ. ಅವನ ಹೆಸರಿನ ಕೆಳಗೆ ಎರಡು ಅಂಗೈ ಅಗಲದ ಬಿಳಿ ಜಾಗವಿತ್ತು.

"ಜಾಗ ಎಲ್ಲದೆ?" ಅಂದ.

"ಇದೇನಿದು ಮತ್ತೆ?"

"ಅದು ಖಾಲಿ ಬುಡೋ ಜಾಗ ಕಣೆ. ಡಿಸೈನು. ಅಲ್ಲೆಲ್ಲ ಎಸ್ರು ತುರುಕುದ್ರೆ ಲಕ್ಷಣವಾಗಿರಲ್ಲ. ಅಲ್ದೆ ಇಬ್ರೂ ಒಂದೇ ಮನೆಯವ್ರು. ನನ್ನೆಸ್ರು ಇದ್ಮೇಲೆ ನಿಂದೂ ಇದ್ದಂಗೇ ತಾನೆ?"

ಕುಸುಮ ಪರದೆಯ ಕಡೆ ತಿರುಗಿದಳು. ಪ್ರತಿ ಸಂಜೆ ಮಾಡುವುದನ್ನು ಮಾಡಿದಳು. ಫೈಲನ್ನು ಆ ದಿನದ ಹೆಸರಿನಲ್ಲಿ ಬೇರೆಯಾಗಿ ಉಳಿಸಿದಳು: 'ಶಿವನಂಜಯ್ಯ ಮಂಗಳವಾರ'. ಅದರ ಒಂದು ಪ್ರತಿಯನ್ನು ಬೆರಳುಗುರಿನಷ್ಟು ಚಿಕ್ಕ ಪೆನ್‌ಡ್ರೈವಿಗೆ ಹಾಕಿ, ಪೆನ್‌ಡ್ರೈವನ್ನು ತನ್ನ ಕನ್ನಡಕದ ಡಬ್ಬಿಯಲ್ಲಿಟ್ಟು ಟಪ್ಪೆಂದು ಮುಚ್ಚಿದಳು. ಕಳೆದ ಮಳೆಗಾಲದಲ್ಲಿ ಎದುರಿನ ಫ್ಲೆಕ್ಸ್ ಅಂಗಡಿಯ ಶಾಂತಮೂರ್ತಿಯ ಕಂಪ್ಯೂಟರು ಸಿಡಿಲಿಗೆ ಸತ್ತು, ಊರಿನ ಅರ್ಧ ಮದುವೆ ಪತ್ರಿಕೆಗಳು ಅದರ ಜೊತೆ ಸಹಗಮನ ಮಾಡಿದ್ದವು. ಅಂದಿನಿಂದ ಅವಳ ಅಭ್ಯಾಸ ಇದು.

ನಟರಾಜನಿಗೂ ಹೇಳಿದ್ದಳು. "ಒಂದು ಕಾಪಿ ಅಂಗಡಿಯಿಂದಾಚೆ, ಮನೇಲಿ ಎಲ್ಲಾದ್ರೂ ಭದ್ರವಾಗಿರ್ಬೇಕು ಕಣ್ರಿ." ಇದು ಜವಾಬ್ದಾರಿಯ ಕೆಲಸದಂತೆ ಕೇಳಿಸಿದ್ದರಿಂದ ನಟರಾಜು ತಾನೇ ಮಾಡುವುದಾಗಿ ಹೇಳಿ, ಹಿಂದಿನ ವಾರ ಮಾಡಿಯೂ ಇದ್ದ. ಎಲ್ಲಿಟ್ಟಿದ್ದಾನೆಂದು ಕೇಳಿದ್ದಕ್ಕೆ, "ಅಪ್ಪಂತ ಜಾಗ್ದಲ್ಲಿ ಇಟ್ಟಿವ್ನಿ. ಕಳ್ಳನೂ ಮುಟ್ಟಕ್ಕಿಲ್ಲ" ಎಂದಿದ್ದ.

ಬುಧವಾರ ಬೆಳಗ್ಗೆ ಗ್ಯಾಸ್ ಸಿಲಿಂಡರ್ ಬರುವುದಿತ್ತು. ಕುಸುಮ ಮನೆಯಲ್ಲಿ ಉಳಿದಳು. ಆ ಒಂದು ಬೆಳಗಿನಲ್ಲಿ ಎಪ್ಪತ್ತೈದು ವರ್ಷದ ಸಾರ್ಥಕ ಜೀವನ ಸರ್ವನಾಶವಾಯಿತು.

ನಡೆದದ್ದು ಇಷ್ಟು. ಗುರುಸಿದ್ದಯ್ಯನವರು ಕೆಲಸ ಎಲ್ಲಿಗೆ ಬಂತೆಂದು ನೋಡಲು ಯಳಂದೂರಿನಿಂದ ಬಂದರು. ಕುಸುಮಳ ಕುರ್ಚಿ ಖಾಲಿ ಇತ್ತು. ಖಾಲಿ ಕುರ್ಚಿ ಗಂಡಸನ್ನು ಕರೆಯುತ್ತದೆ. ನಟರಾಜು ಅದರಲ್ಲಿ ಕೂತ. ಕೂತ ಮೇಲೆ ಏನಾದರೂ ಮಾಡಬೇಕು. ಅವನು ತಾನೇ ಬರೆದು ಇಟ್ಟುಕೊಂಡಿದ್ದ 'ವಿನ್ಯಾಸಕಾರನ ಮನದಾಳ' ಎಂಬ ಬರಹವನ್ನು ಪುಸ್ತಕಕ್ಕೆ ಸೇರಿಸಲು ಹೊರಟ. ಶಾಂತಮೂರ್ತಿಯ ಕೈಲಿ ಟೈಪು ಮಾಡಿಸಿ ಫೋನಿಗೆ ಹಾಕಿಸಿಕೊಂಡಿದ್ದ. ಅದನ್ನು ತಂದು ಅಂಟಿಸಿದ. ಪಕ್ಕದಲ್ಲಿ ತನ್ನ ಫೋಟೋ ಹಾಕಿದ. ಫೋನಿನಿಂದ ನೇರ ಬಂದ ಆ ಫೋಟೋ ಎಷ್ಟು ಭಾರವಿತ್ತೆಂದರೆ, ಸೇವ್ ಒತ್ತಿದಾಗ ಕಂಪ್ಯೂಟರು ಬಸುರಿಯಂತೆ ನಿಟ್ಟುಸಿರಿಟ್ಟು ನಿಧಾನಿಸಿತು.

ಸರಿಯಾಗಿ ಆಗ ಕರೆಂಟು ಹೋಯಿತು. ಯುಪಿಎಸ್ ಕೀ ಕೀ ಎಂದು ಕೂಗಲು ಶುರುಮಾಡಿತು.

ಗುರುಸಿದ್ದಯ್ಯನವರು ಫೋನಿನಲ್ಲಿ ಯಾರಿಗೋ ಶಾಮಿಯಾನದ ಬಗ್ಗೆ ಹೇಳುತ್ತಿದ್ದರು. "ಅದೇನ್ರಿ ಅದು, ಒಂದೇ ಸಮ ಕೂಗ್ತಾ ಅದೆ?" ಎಂದು ಕೈಬೀಸಿದರು.

"ಒಂದ್ನಿಮ್ಷ ಸಾ" ಎಂದು ನಟರಾಜು ಬಗ್ಗಿ ಯುಪಿಎಸ್ ಆಫ್ ಮಾಡಿದ. ಕೂಗು ನಿಂತಿತು. ಅದರೊಂದಿಗೆ ಎಲ್ಲವೂ ನಿಂತಿತು.

ಹನ್ನೊಂದಕ್ಕೆ ಕುಸುಮ ಬರುವಾಗ ಕರೆಂಟು ಬಂದಿತ್ತು. ಅವಳು ಕೂತು ಫೈಲು ತೆರೆದಳು. ಪರದೆಯ ಮೇಲೆ ಇಂಗ್ಲಿಷಿನ ಮೂರು ಸಾಲು ಬಂದವು. ಈ ಫೈಲು ಹಾಳಾಗಿದೆ, ತೆರೆಯಲಾಗುವುದಿಲ್ಲ ಎಂಬುದು ಅದರ ಸಾರಾಂಶ. ಮತ್ತೆ ತೆರೆದಳು. ಮತ್ತೆ ಅದೇ ಸಾರಾಂಶ. ದಿನದ ಹೆಸರಿನ ಹಳೆಯ ಫೈಲುಗಳನ್ನು ಹುಡುಕಿದಳು. ಒಂದೂ ಇರಲಿಲ್ಲ.

"ಇಲ್ಲಿದ್ದ ಸೋಮವಾರ, ಮಂಗಳವಾರ ಎಲ್ಲ ಏನಾದ್ವು?"

"ಒಂದೇ ಪುಸ್ತಕ, ಏಳು ಫೈಲು ಇತ್ತು. ಗಲೀಜಾಗಿತ್ತು. ಜಾಗ ಸಾಲ್ದು ಅಂತ ಕ್ಲೀನ್ ಮಾಡ್ದೆ."

"ಯುಪಿಎಸ್ ಯಾರು ಆಫ್ ಮಾಡಿದ್ದು?"

"ಕೂಗ್ತಿತ್ತು."

"ಅದು ಕೂಗೋದೇ ಸೇವ್ ಮಾಡ್ಕೊಳಿ ಅಂತ ಕಣ್ರಿ."

"ಅಂಗಂತ ಅದು ಯೋಳ್ತಾ? ಕೀ ಅಂತು. ಕೀ ಅಂದ್ರೆ ಏನು ತಿಳ್ಕಬೇಕು?"

ಕುಸುಮ ಕನ್ನಡಕದ ಡಬ್ಬಿಯ ಕಡೆ ಕೈ ಚಾಚಿದಳು. "ಹೋಗ್ಲಿ ಬಿಡಿ. ನನ್ನತ್ರ ಒಂದು..."

"ಏನಾಯ್ತ್ರಿ?" ಎನ್ನುತ್ತ ಫೋನು ಮುಗಿಸಿದ ಗುರುಸಿದ್ದಯ್ಯನವರು ಒಳಬಂದರು.

ನಟರಾಜು ಸುಳ್ಳು ಹೇಳುವ ಮನುಷ್ಯನಲ್ಲ. ಸತ್ಯವನ್ನೇ, ತನಗೆ ಬೇಕಾದ ಜಾಗದಿಂದ ಶುರುಮಾಡಿ ಹೇಳುತ್ತಾನೆ. "ಬೆಳಗ್ಗೆ ನಾವಿಬ್ರೂ ನೋಡ್ದಾಗ ಚೆನ್ನಾಗೇ ಇತ್ತಲ್ಲ ಸಾ? ಈಗ ಇವ್ಳು ಬಂದ್ಲು, ಮುಟ್ಟುದ್ಲು, ಓಯ್ತು."

ಗುರುಸಿದ್ದಯ್ಯನವರು ಮೂವತ್ತು ವರ್ಷ ಮಕ್ಕಳನ್ನು ನೋಡುತ್ತಿದ್ದ ಕಣ್ಣಿನಲ್ಲಿ ಕುಸುಮಳನ್ನು ನೋಡಿದರು. "ಏನಮ್ಮ ಇದು? ಇಷ್ಟು ವರ್ಷದ ಅನುಭವಸ್ಥೆ."

"ಸಾರ್, ನಿನ್ನೆ ಸಂಜೆವರ್ಗೂ ಮಾಡಿದ್ದು..."

"ನಿನ್ನೆ ಮಾತು ಬೇಡಮ್ಮ. ನಾಳೆ ಮಾತು ಹೇಳು. ಶುಕ್ರವಾರ ಪ್ರೆಸ್ಸಿಗೆ ಹೋಗ್ಬೇಕು."

"ಅದನ್ನೇ ಹೇಳ್ತಿದೀನಿ ಸಾರ್, ಒಂದು..."

"ನೀನ್ ಸುಮ್ನಿರು" ಎಂದ ನಟರಾಜು. "ಮಾಡೋದ್ ಮಾಡ್ಬುಟ್ಟು ಮಾತು ಬೇರೆ. ದೊಡ್ಡೋರು ಮಾತಾಡ್ತಾವ್ರೆ."

ಕುಸುಮ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ಡಬ್ಬಿ ಅಲ್ಲೇ ಮೇಜಿನ ಮೇಲಿತ್ತು. ಟೀ ಲೋಟ ಇಡಲು ಜಾಗವಿಲ್ಲವೆಂದು ಗುರುಸಿದ್ದಯ್ಯನವರೇ ಅದನ್ನು ಎತ್ತಿ ಪ್ರಿಂಟರಿನ ಮೇಲಿಟ್ಟರು.

"ಲೇಖಕರು ಕೈಯಲ್ಲಿ ಬರೆದುಕೊಟ್ಟಿದ್ದಾದ್ರೂ ಇರ್ಬೇಕಲ್ಲ? ಅದ ತೆಗೀರಿ" ಎಂದರು ಮೇಷ್ಟ್ರು.

ನಟರಾಜು ಕಿವಿ ಕೆರೆದುಕೊಂಡ. "ಕಂಪ್ಯೂಟರ್‌ಗೆ ಓದ್ಮೇಲೆ ಪೇಪರ್ ಯಾಕೆ ಅಂತ, ಕಡ್ಲೆಕಾಯಿ ದೊಡ್ಡಮಾದಮ್ಮಂಗೆ ಕೊಟ್ಬುಟ್ಟೆ ಸಾ."

"ಎಲ್ಲಾನೂವಾ?"

"ಎರಡು ಕಟ್ಟು."

ಮೇಷ್ಟ್ರು ಕುರ್ಚಿಗೆ ಕುಸಿದರು. ಲೇಖಕರನ್ನೇ ಮತ್ತೆ ಕೇಳುವುದೆಂದು ನಾಲ್ಕಾರು ಜನಕ್ಕೆ ಫೋನು ಮಾಡಿದರು. ಒಬ್ಬರು ಮೊಮ್ಮಗಳ ಬಾಣಂತನಕ್ಕೆ ಹೋಗಿದ್ದರು. ಒಬ್ಬರು ನೇರವಾಗಿ ಹೇಳಿದರು: "ಮೇಷ್ಟ್ರೇ, ಶಿವನಂಜಯ್ಯನ ಬಗ್ಗೆ ಒಂದ್ಸಲ ನಾಲ್ಕು ಪುಟ ಹೊಗಳಿದ್ದೇ ನನ್ನ ಆತ್ಮಕ್ಕೆ ಕಷ್ಟ ಆಗಿತ್ತು. ಎರಡ್ನೇ ಸಲ ನಿಜ ಬಂದ್ಬಿಡ್ತದೆ. ಬ್ಯಾಡ ಬಿಡಿ."

ಅಷ್ಟರಲ್ಲಿ ಸುದ್ದಿ ಬೀದಿಗಿಳಿದಿತ್ತು. ಹತ್ತು ವರ್ಷ ಪುಸ್ತಕ ಕಟ್ಟಿದಾಗ ಒಂದು ಸಾಲಿನಲ್ಲಿ ಬರಲು ಜಾಗ ಸಿಗದ ಕುಸುಮಳ ಹೆಸರಿಗೆ ಈಗ ಊರೆಲ್ಲ ಜಾಗವಾಯಿತು. ಟೈಲರ್ ರತ್ನ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಬಂದು, "ಕುಸುಮಕ್ಕ, ಡಿಲೀಟ್ ಒತ್ಬುಟ್ರಂತೆ?" ಎಂದಳು. ಹೂವಿನವಳು "ಮಿಷನ್ನೇ ಸುಟ್ಟಾಕ್ಬುಟ್ರಂತೆ" ಎಂದಳು. ಶಾಂತಮೂರ್ತಿ ರಸ್ತೆ ದಾಟಿ ಬಂದು ನಟರಾಜನ ಹೆಗಲ ಮೇಲೆ ಕೈಯಿಟ್ಟು, "ಎಂಗಸ್ರು ಕೈಗೆ ಮಿಷನ್ ಕೊಡಬ್ಯಾಡ ಕಣಣ್ಣ ಅಂತ ನಾನು ಆವತ್ತೇ ಯೋಳಿರ್ನಿಲ್ವಾ?" ಎಂದ. ಸಿಡಿಲಿಗೆ ಕಂಪ್ಯೂಟರು ಕೊಟ್ಟವನು ಈತ. ಯಳಂದೂರಿನ ಬಸ್ಸು ಹತ್ತುವಾಗ ಸುದ್ದಿ, ಯಾರೋ ಕುಸುಮ ಎಂಬುವಳು ಶಿವನಂಜಯ್ಯನನ್ನು ಅಳಿಸಿಹಾಕಿದಳು ಎಂದಾಯಿತು. ಬಸ್ಸು ಇಳಿಯುವ ಹೊತ್ತಿಗೆ ಶಿವನಂಜಯ್ಯನೇ ಇಲ್ಲ ಎಂದಾಯಿತು.

ಮಧ್ಯಾಹ್ನದ ಊಟದ ಹೊತ್ತಿಗೆ ಸಾಕ್ಷಾತ್ ಶಿವನಂಜಯ್ಯನವರೇ ಅಂಗಡಿಗೆ ಬಂದರು. ಕೈಯಲ್ಲೊಂದು ಸುಗಂಧರಾಜದ ಹಾರವಿತ್ತು.

"ಏನ್ ಸಾಮಿ ಇದು ಹಾರ?" ನಟರಾಜು ಕೈಮುಗಿದ.

"ಮನೆ ಮುಂದೆ ಮೂರ್ ಜನ ತಂದಿದ್ರು. ನಾನು ಬಾಗ್ಲು ತೆಗ್ದೆ. ಇಬ್ರು ಓಡೋದ್ರು. ಒಬ್ಬ ಕೊಟ್ಬುಟ್ಟೋದ." ಅವರು ಹಾರವನ್ನು ಪ್ರಿಂಟರಿನ ಮೇಲೆ, ಕನ್ನಡಕದ ಡಬ್ಬಿಗೆ ಹಾಕಿದಂತೆ ಇಟ್ಟರು. "ಯಾರಮ್ಮ ಕುಸುಮ ಅನ್ನೋರು?"

"ನಾನೇ ಸಾರ್."

"ನಿಂಗೇನು ಅನ್ಯಾಯ ಮಾಡಿದ್ದೆ ತಾಯಿ ನಾನು?"

ಇದಕ್ಕೆ ಉತ್ತರ ಹೇಳಲು ಅವಳು ಬಾಯಿ ತೆರೆದಳು. ಆದರೆ ಆ ಕ್ಷಣಕ್ಕೇ ನಟರಾಜು ಹಣೆ ಬಡಿದುಕೊಂಡು ಎದ್ದು ನಿಂತ. "ಅಯ್ಯೋ ನನ್ ಬುದ್ಧಿಗಷ್ಟು. ಬ್ಯಾಕಪ್ಪು. ನಾನ್ ಬ್ಯಾಕಪ್ ಮಾಡಿ ಇಟ್ಟಿವ್ನಲ್ಲ."

ಎಲ್ಲರ ಮುಖವೂ ಅರಳಿತು. ಕುಸುಮಳದ್ದೂ ಅರಳಿತು; ಒಂದು ವಾರ ಹಳೆಯದಾದರೂ ಸರಿ, ಗಂಡನೂ ಹೇಳಿದ್ದು ಕೇಳಿದನಲ್ಲ ಎಂದು. "ಎಲ್ಲಿಟ್ಟಿದ್ದೀರಿ?"

"ಮನೇಲಿ, ದೇವ್ರ ಪಟದ ಕೆಳಗೆ. ಪುಸ್ತಕ ಚೆನ್ನಾಗಿ ಆಗ್ಲಿ ಅಂತ ಅರಿಸಿನದ ಬಟ್ಟೇಲಿ ಒಂದು ಕಾಸು, ಪೆನ್‌ಡ್ರೈವು ಎರಡೂ ಇಟ್ಟು ಮುಡ್ಪು ಕಟ್ಟಿವ್ನಿ. ಅದ್ಕಿಂತ ಭದ್ರ ಎಲ್ಲದೆ?"

ಎಲ್ಲರೂ ಮನೆಗೆ ಹೋದರು. ಪಟದ ಕೆಳಗೆ ಮೊಳೆ ಇತ್ತು. ಮುಡಿಪು ಇರಲಿಲ್ಲ.

ನಟರಾಜನ ತಾಯಿ ಪುಟ್ಟಬಸಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಮುಡ್ಪಾ? ಸೋಮ್ವಾರ ಶಾಗ್ಯಕ್ಕೆ ಓಗಿದ್ನಲ್ಲ, ಮನೆದೇವ್ರ ಹುಂಡಿಗೆ ಹಾಕ್ಬುಟ್ಟೆ."

"ಯಾಕವ್ವಾ?" ನಟರಾಜು ಅಳುವ ಧ್ವನಿ ತೆಗೆದ.

"ಯಾಕೆ ಅಂದ್ರೆ? ಮುಡ್ಪು ಕಟ್ಟೋದು ದೇವ್ರುಗೆ ಹಾಕಕ್ಕೆ ತಾನೆ? ಇನ್ನೇನು, ಹುಳಿ ಮಾಡಕ್ಕಾ?" ಎಂದು ಪುಟ್ಟಬಸಮ್ಮ ಅವರೆಕಾಯಿಗೆ ಮರಳಿದರು. ಆ ದಿನ ಅಷ್ಟು ಜನ ಆಡಿದ ಮಾತಿನಲ್ಲಿ ಅರ್ಥವಿದ್ದದ್ದು ಇದೊಂದಕ್ಕೇ.

ಮರುದಿನ ಬೆಳಗ್ಗೆ ನಿಯೋಗ ಶಾಗ್ಯಕ್ಕೆಂದು ಹನೂರಿನ ಬಸ್ಸು ಹಿಡಿಯಲು ಹೊರಟಿತು: ನಟರಾಜು, ಗುರುಸಿದ್ದಯ್ಯ, ಶಿವನಂಜಯ್ಯ. ಕುಸುಮಳೂ ಬರಲೇಬೇಕೆಂದು ನಟರಾಜು ಹಟ ಹಿಡಿದ. ಯಾಕೆಂದು ಹೇಳಲಿಲ್ಲ. ಬಸ್ಸು ಬರುವವರೆಗೆ ಶಿವನಂಜಯ್ಯನವರು ದೊಡ್ಡಮಾದಮ್ಮನ ಹತ್ತಿರ ಕಡಲೆಕಾಯಿ ತೆಗೆದುಕೊಂಡರು. ಕಾಯಿ ತಿಂದು ಮುಗಿಸಿ ಪೊಟ್ಟಣ ಬಿಡಿಸಿ ಓದತೊಡಗಿದರು.

"'ಇಂಥ ನಿಸ್ವಾರ್ಥಿ, ಇಂಥ ಸರಳ ಜೀವಿ ನಮ್ಮ ಸೀಮೆಯಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ...' ಹರಿದೋಗದೆ. ಯಾರ ಮೇಲೋ ಪಾಪ, ಚೆನ್ನಾಗಿ ಬರ್ದವ್ರೆ."

"ಅದು ನಿಮ್ಮ ಮೇಲೇ ಸಾರ್" ಎಂದಳು ಕುಸುಮ. "ನಲವತ್ತನೇ ಪುಟ."

ಶಿವನಂಜಯ್ಯನವರು ಮತ್ತೆ ಎರಡು ಪೊಟ್ಟಣ ತೆಗೆದುಕೊಂಡರು. ಅದರಲ್ಲಿ ತಮ್ಮ ಬಗ್ಗೆ ಏನೂ ಇರಲಿಲ್ಲ, ಬರೀ ಪರೀಕ್ಷೆಯ ಉತ್ತರಪತ್ರಿಕೆ. ಶಾಗ್ಯದವರೆಗೂ ಅವರು ಮೊದಲ ಪೊಟ್ಟಣವನ್ನೇ ಮಡಿಸಿ ಎದೆಯ ಜೇಬಿನಲ್ಲಿಟ್ಟುಕೊಂಡಿದ್ದರು. ಅದನ್ನು ನೋಡಿ ಕುಸುಮಳಿಗೆ ಒಮ್ಮೆ ಪಾಪವೆನಿಸಿತು. ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, "ಸಾರ್, ನೀವು ಯೋಚ್ನೆ ಮಾಡ್ಬೇಡಿ, ಆ ಪುಸ್ತಕ..." ಎಂದಳು.

"ಆ ಪುಸ್ತಕದ ಎಸ್ರೆತ್ತಬ್ಯಾಡ ತಾಯಿ" ಎಂದು ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಗುಡಿಯ ಪೂಜಾರಿ ಪುಟ್ಟಮಾದಪ್ಪ ಕಥೆಯನ್ನೆಲ್ಲ ಕೇಳಿ ಊರಿನ ಇಬ್ಬರು ಯಜಮಾನರನ್ನು ಕರೆಸಿದ. ಹುಂಡಿಯ ಬೀಗ ಮೂವರೂ ಇದ್ದರೇ ತೆಗೆಯುವುದು. ಯಜಮಾನರು ಅರಳಿಕಟ್ಟೆಯ ಮೇಲೆ ಕೂತು ತಲೆಯಾಡಿಸಿದರು.

"ದೇವ್ರುಗೆ ಕೊಟ್ಟಿದ್ದ ವಾಪಸ್ ಕೇಳೋದುಂಟಾ?" ಎಂದರು ಒಬ್ಬರು.

"ಕಾಸು ದೇವ್ರುಗೇ ಇರ್ಲಿ ಸಾಮಿ. ಆ ಪೆನ್‌ಡ್ರೈವು ಒಂದು ಕೊಡಿ. ಅದ್ರಲ್ಲಿ ಇವ್ರ ಜೀವನವೇ ಅದೆ" ಎಂದು ನಟರಾಜು ಶಿವನಂಜಯ್ಯನವರನ್ನು ಮುಂದೆ ತಳ್ಳಿದ.

"ಎಷ್ಟು ಜಿಬಿ?" ಕೇಳಿದ ಪೂಜಾರಿ.

"ಹದ್ನಾರು."

"ಹಂಗಾರೆ ಬದ್ಲಿಗೆ ಮೂವತ್ತೆರಡರದು ತಂದಾಕ್ಬುಡಿ. ದೇವ್ರುಗೆ ಕಮ್ಮಿ ಮಾಡ್ಬಾರ್ದು." ಆಮೇಲೆ ಅವನು ಇನ್ನೊಂದು ಪ್ರಶ್ನೆ ಕೇಳಿದ. ಎರಡು ದಿನದಿಂದ ಯಾರಿಗೂ ಹೊಳೆಯದಿದ್ದ ಪ್ರಶ್ನೆ. "ಅಲ್ಲ, ಇದು ಬ್ಯಾರೆ ಎಲ್ಲೂ ಇಲ್ವಾ? ನಮ್ ಹುಡುಗ್ರು ಫೋಟೋನ ನಾಕ್ ಕಡೆ ಇಟ್ಕಂಡಿರ್ತವೆ."

ಕೇಳಿದ್ದು ನಟರಾಜನನ್ನು. "ಇಲ್ಲ ಸಾಮಿ. ಇದ್ ಬುಟ್ರೆ ಪರ್ಪಂಚದಲ್ಲೇ ಇಲ್ಲ" ಎಂದ ನಟರಾಜು, ಹೆಂಡತಿಯ ಕಡೆ ತಿರುಗಿಯೂ ನೋಡದೆ. ಕುಸುಮಳ ಗಂಟಲಿಗೆ ಬಂದಿದ್ದ ವಾಕ್ಯ ಅಲ್ಲೇ ಒಂದು ಗಳಿಗೆ ನಿಂತಿತು. ಮತ್ತೆ ಒಳಗೆ ಹೋಯಿತು.

"ಸರಿ" ಎಂದರು ಹಿರಿಯ ಯಜಮಾನರು. "ಆದ್ರೆ ತಪ್ಪು ಕಾಣಿಕೆ ಆಗ್ಬೇಕು. ಯಾರ ಕೈಯಿಂದ ತಪ್ಪಾಯ್ತೋ ಅವ್ರು ಮೂರು ಸುತ್ತು ಬಂದು, ಅಡ್ಡಬಿದ್ದು, ತಪ್ಪಾಯ್ತು ಅನ್ಬೇಕು. ಯಾರ ತಪ್ಪು?"

"ಇವ್ಳದೇ ಸಾಮಿ" ಎಂದ ನಟರಾಜು. ಆಗ ಗೊತ್ತಾಯಿತು ಅವಳನ್ನು ಕರೆತಂದದ್ದು ಯಾಕೆಂದು.

ಗುರುಸಿದ್ದಯ್ಯನವರು ಆಕಾಶ ನೋಡಿದರು. 'ಅದೇನ್ರಿ ಅದು ಕೂಗ್ತಾ ಅದೆ' ಎಂದ ಬಾಯಿ ಈಗ ಸುಮ್ಮನಿತ್ತು. ಕುಸುಮ ಸೆರಗು ಬಿಗಿದು ಗುಡಿಯನ್ನು ಮೂರು ಸುತ್ತು ಬಂದಳು. ಕಲ್ಲು ಕಾದಿತ್ತು. ಅಡ್ಡಬಿದ್ದಳು. ದೇವರಿಗೆ ವಿಷಯ ಗೊತ್ತಿದ್ದುದರಿಂದ ಏನನ್ನೂ ಹೇಳಲಿಲ್ಲ. ಯಜಮಾನರು "ತಪ್ಪಾಯ್ತು ಅನ್ನವ್ವ" ಎಂದಾಗ, "ಆಯ್ತು" ಎಂದಳು. ಅದೇ ಸಾಕೆಂದರು.

ಹುಂಡಿ ತೆಗೆದರು. ಅರಿಸಿನದ ಗಂಟು ಸಿಕ್ಕಿತು. ನಟರಾಜು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ. ಕೊಳ್ಳೇಗಾಲದವರೆಗೂ ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡಿದ್ದ. ಕಂಡಕ್ಟರಿಗೂ ಹೇಳಿದ: "ನಮ್ಮೋಳು ಅಳ್ಸಾಕ್ಬುಟ್ಟಿದ್ಲು. ನಾನ್ ಕಾಪಿ ಇಟ್ಟಿದ್ದಕ್ಕೆ ಬಚಾವು. ಮುಂದಾಲೋಚ್ನೆ ಬೇಕು ಕಣ್ರಿ ಮನುಷ್ಯನಿಗೆ." ಕಂಡಕ್ಟರು ಕುಸುಮಳನ್ನು ಕನಿಕರದಿಂದ ನೋಡಿ ಟಿಕೆಟ್ಟು ಹರಿದ.

ಅಂಗಡಿಯಲ್ಲಿ ಆಗಲೇ ರತ್ನ, ಶಾಂತಮೂರ್ತಿ, ಹೂವಿನವಳು ಸೇರಿದ್ದರು. ನಟರಾಜು ಗಂಟು ಬಿಚ್ಚಿದ. ಪೆನ್‌ಡ್ರೈವಿನ ಬಾಯಲ್ಲಿದ್ದ ಅರಿಸಿನವನ್ನು ಕುಸುಮ ಬ್ರಷ್ಷಿನಿಂದ ಕೆಡವಿ, ಕಂಪ್ಯೂಟರಿಗೆ ಸಿಕ್ಕಿಸಿದಳು. ಅದು ಬದುಕಿತ್ತು. ಪರದೆಯ ಮೇಲೆ ಕಿಟಕಿ ತೆರೆಯಿತು. ಒಳಗೆ ಒಂದೇ ಒಂದು ಚಿತ್ರ, ಕೆಳಗೆ 'ಶಿವನಂಜಯ್ಯ' ಎಂಬ ಹೆಸರು.

"ನೋಡುದ್ರಾ" ಎಂದ ನಟರಾಜು, ಎಲ್ಲರ ಕಡೆ ತಿರುಗಿ. ಶಿವನಂಜಯ್ಯನವರು ಕಣ್ಣೊರೆಸಿಕೊಂಡರು.

ಕುಸುಮ ಆ ಚಿತ್ರದ ಮೂಲೆಯಲ್ಲಿದ್ದ ಚಿಕ್ಕ ಬಾಣದ ಗುರುತನ್ನು ನೋಡಿದಳು.

"ಇದು ಶಾರ್ಟ್‌ಕಟ್ಟು" ಎಂದಳು.

"ಅಂದ್ರೆ?" ಎಂದರು ಮೇಷ್ಟ್ರು.

"ಇದು ಪುಸ್ತಕ ಅಲ್ಲ ಸಾರ್. ಪುಸ್ತಕಕ್ಕೆ ಹೋಗೋ ದಾರಿ ಹಲಗೆ. ಊರಲ್ಲಿ ಮನೆ ಬಿದ್ದೋಗಿದೆ, ಇವರು ಊರಿನ ಬೋರ್ಡ್ ಕಿತ್ಕೊಂಡು ಬಂದು ದೇವರ ಹತ್ರ ಇಟ್ಟಿದ್ರು."

ಗುರುಸಿದ್ದಯ್ಯನವರು ಬಾಗಿ ಪರದೆಗೆ ಮೂಗು ತಾಗಿಸಿದರು. "ಎಷ್ಟದೆ ಅದು?"

"ಎರಡು ಕೆಬಿ."

"ಎರಡು ಕೆಬಿ ಅಂದ್ರೆ?"

"ಒಂದು ತಿಥಿ ಕಾರ್ಡಿನಷ್ಟೂ ಇಲ್ಲ ಸಾರ್."

ಶಿವನಂಜಯ್ಯನವರ ಎಪ್ಪತ್ತೈದು ವರ್ಷ, ಒಂದು ಡೈರಿ ಕಟ್ಟಡ, ಲೆಕ್ಕವಿಲ್ಲದಷ್ಟು ಹಸು, ಐವತ್ತಕ್ಕೂ ಹೆಚ್ಚು ಅಭಿಮಾನಿಗಳು ಎಲ್ಲ ಸೇರಿ ಎರಡು ಕೆಬಿ. ಶಾಂತಮೂರ್ತಿ ಮೆಲ್ಲಗೆ ರಸ್ತೆ ದಾಟಿದ. ನಟರಾಜು ಮೊದಲ ಬಾರಿಗೆ ಗಿರಾಕಿಗಳ ಸ್ಟೂಲಿನ ಮೇಲೆ ಕೂತ.

"ಅದ್ರ ಮೇಲೆ ಎಸ್ರು ಸರಿಯಾಗೇ ಬರ್ದಿತ್ತಲ್ಲ" ಎಂದ, ಯಾರಿಗೂ ಅಲ್ಲದಂತೆ.

ಗುರುಸಿದ್ದಯ್ಯನವರು ಕುಸುಮಳ ಕಡೆ ನೋಡಿದರು. ಅವರ ಧ್ವನಿ ಈಗ ಬೇರೆಯಾಗಿತ್ತು. "ಅಮ್ಮಾ, ಏನಾದ್ರೂ ದಾರಿ ಅದಾ?"

"ಒಂದು ವಾರ ಬೇಕು ಸಾರ್" ಎಂದಳು ಕುಸುಮ.

"ಒಂದು ವಾರದಲ್ಲಿ ಪೂರ್ತಿ ಪುಸ್ತಕ ಆಗ್ತದಾ?"

"ಆಗುತ್ತೆ."

ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು, ಅವಳೂ ಸುಳ್ಳು ಹೇಳುವ ಹೆಂಗಸಲ್ಲ. ಲೇಖನಗಳು ಎಲ್ಲಿಂದ ಬರುತ್ತವೆ, ಫೋಟೋ ಎಲ್ಲಿಂದ ಬರುತ್ತವೆ ಎಂದು ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರಿಗೂ ಹೊಳೆಯಲಿಲ್ಲ. ಹೆಂಗಸರು ಇಲ್ಲದ್ದನ್ನು ಎಲ್ಲಿಂದಲೋ ಮಾಡಿ ಬಡಿಸುತ್ತಾರೆ ಎಂಬುದು ಅವರೆಲ್ಲ ಹುಟ್ಟಿನಿಂದ ಕಂಡದ್ದು. ಪ್ರೆಸ್ಸಿನವರ ಕಾಲು ಹಿಡಿದಾದರೂ ಎರಡು ದಿನದಲ್ಲಿ ಮುದ್ರಿಸಿಕೊಡುವಂತೆ ಮಾಡುತ್ತೇನೆಂದು ಮೇಷ್ಟ್ರು ಮಾತು ಕೊಟ್ಟರು.

"ಆದ್ರೆ ಈ ವಾರ ಅಂಗಡಿ ಒಳಗೆ ಯಾರೂ ಬರ್ಬಾರ್ದು" ಎಂದಳು ಕುಸುಮ.

"ಯಾರೂ ಬರಲ್ಲ" ಎಂದರು ಮೇಷ್ಟ್ರು.

"ಇವರೂ."

ಎಲ್ಲರೂ ನಟರಾಜನನ್ನು ನೋಡಿದರು.

"ನಾನು ಆಚೆ ಕೂತ್ಕತೀನಿ" ಎಂದ ನಟರಾಜು.

"ಮನೇಲಿ ಅಡುಗೆ ಮಾಡಕ್ಕಾಗಲ್ಲ ನಂಗೆ. ಮಧ್ಯಾಹ್ನದ ಬುತ್ತಿ ಇಲ್ಲಿಗೇ ಬರ್ಬೇಕು. ಯುಪಿಎಸ್ ಕೂಗಿದ್ರೆ ಯಾರೂ ಎದ್ದು ಬರ್ಬಾರ್ದು. ಕೂಗ್ಲಿ."

"ಕೂಗ್ಲಿ" ಎಂದು ಮೇಷ್ಟ್ರು, ನಟರಾಜು ಇಬ್ಬರೂ ಒಟ್ಟಿಗೆ ಹೇಳಿದರು. ಶಿವನಂಜಯ್ಯನವರು ಹೊರಡುವಾಗ ಎದೆಯ ಜೇಬಿನಿಂದ ಕಡಲೆಕಾಯಿ ಪೊಟ್ಟಣದ ಕಾಗದ ತೆಗೆದು, ಮಡಿಕೆ ನೇರ ಮಾಡಿ, ಅವಳ ಮೇಜಿನ ಮೇಲಿಟ್ಟರು. "ಇಷ್ಟಾದ್ರೂ ಅದೆ. ಇದ್ರಿಂದ ಶುರು ಮಾಡ್ಕ ತಾಯಿ."

ಮರುದಿನ ಬೆಳಗ್ಗೆ ಕುಸುಮ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹೊರಗೆ ನಟರಾಜು ಸ್ಟೂಲು ಹಾಕಿಕೊಂಡು ಕೂತು, ಜೆರಾಕ್ಸಿಗೆ ಬಂದವರನ್ನು ತಡೆಯುತ್ತಿದ್ದ. "ಒಳಿಕ್ಕೆ ಯಾರೂ ಓಗಂಗಿಲ್ಲ. ದೊಡ್ ಕೆಲ್ಸ ನಡೀತದೆ. ನಾನೇ ಕೂತು ಮಾಡ್ಸ್ತಾವ್ನಿ."

ಪ್ರಿಂಟರಿನ ಮೇಲೆ ಸುಗಂಧರಾಜದ ಹಾರ ಬಾಡಿತ್ತು. ಅದನ್ನು ಸರಿಸಿ ಕನ್ನಡಕದ ಡಬ್ಬಿ ತೆಗೆದಳು. ಕನ್ನಡಕ ಹಾಕಿಕೊಂಡಳು. ಪೆನ್‌ಡ್ರೈವ್ ಸಿಕ್ಕಿಸಿದಳು. 'ಶಿವನಂಜಯ್ಯ ಮಂಗಳವಾರ' ಒಂದು ಉಸಿರಿನಲ್ಲಿ ತೆರೆದುಕೊಂಡಿತು. ನೂರ ಹನ್ನೆರಡನೆಯ ಪುಟಕ್ಕೆ ಹೋಗಿ ನೋಡಿದಳು. ಮೂಗು ಇತ್ತು. ಹಾರವೂ ಇತ್ತು. ಎಲ್ಲ ಪುಟವೂ ಇದ್ದವು. ಇಲ್ಲದ್ದು ಒಂದೇ: ಬುಧವಾರ ಬೆಳಗ್ಗೆ ಸೇರಿದ 'ವಿನ್ಯಾಸಕಾರನ ಮನದಾಳ'.

ಅವಳು ಎದುರಿನ ಕುರ್ಚಿಯನ್ನು, ನಟರಾಜನ ಕುರ್ಚಿಯನ್ನು, ಹತ್ತಿರಕ್ಕೆ ಎಳೆದು ಅದರ ಮೇಲೆ ಎರಡೂ ಕಾಲು ಚಾಚಿದಳು. ಮುಂದೆ ಇಡೀ ಒಂದು ವಾರ ಇತ್ತು. ಹೊರಗೆ ರತ್ನಳ ಮಿಷನ್ನು ಗಡಗಡ ಸದ್ದು ಮಾಡುತ್ತಿತ್ತು. ಮಧ್ಯಾಹ್ನ ಪುಟ್ಟಬಸಮ್ಮ ಅವರೆಕಾಳಿನ ಹುಳಿ ಕಳಿಸುವುದಾಗಿ ಹೇಳಿದ್ದರು.

ಎರಡನೆಯ ಪುಟಕ್ಕೆ ಬಂದಳು. 'ಪುಟ ವಿನ್ಯಾಸ: ನಟರಾಜು' ಎಂಬ ಸಾಲನ್ನು ನೋಡಿದಳು. ಅದರ ಕೆಳಗಿನ ಬಿಳಿ ಜಾಗವನ್ನು ನೋಡಿದಳು. ಪುಸ್ತಕ ಕೈಗೆ ಬರುವುದು ಸಮಾರಂಭದ ದಿನ. ಅಲ್ಲಿಯವರೆಗೆ ಈ ಪುಟವನ್ನು ಬೇರೆ ಯಾರೂ ತೆರೆದು ನೋಡುವುದಿಲ್ಲ.

ಗಂಡನ ಹೆಸರಿನ ಮೇಲೆ ಮೌಸ್ ಎಳೆದಳು. ಹೆಸರು ಕಪ್ಪಾಯಿತು. ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ಹೊರಗಿನಿಂದ "ನಮ್ಮೋಳು ಅಳ್ಸಾಕ್ಬುಟ್ಟಿದ್ಲು ಕಣ್ರಿ" ಎಂಬ ಧ್ವನಿ ಯಾರಿಗೋ ಕಥೆ ಹೇಳುವುದು ಕೇಳಿಸಿತು.

ಊರೆಲ್ಲ ಅವಳು ಒತ್ತಿದಳೆಂದು ಹೇಳುತ್ತಿದ್ದ ಡಿಲೀಟನ್ನು ಕುಸುಮ ಆಗ ಒತ್ತಿದಳು. ಆ ಜಾಗದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ, ತನ್ನ ಹೆಸರು ಟೈಪು ಮಾಡಿ, 'ಶಿವನಂಜಯ್ಯ ಶುಕ್ರವಾರ' ಎಂದು ಉಳಿಸಿ, ಪೆನ್‌ಡ್ರೈವನ್ನು ಡಬ್ಬಿಗೆ ಹಾಕಿ ಟಪ್ಪೆಂದು ಮುಚ್ಚಿದಳು.